ಅಪ್ಪನ ರಕ್ತ

ಅಕ್ಕನ ಮೊಣಕೈಯ ಒಳಬದಿಯಲ್ಲಿ ಬೆಳಗ್ಗೆ ಮೂಡಿದ್ದ ನೀಲಿ ಕಲೆಯನ್ನು ನೋಡಬಾರದೆಂದು ಅವನು ಎದುರಿನ ಗೋಡೆಯನ್ನೇ ನೋಡುತ್ತ ಕೂತಿದ್ದ. ಭುಜದೆತ್ತರದವರೆಗೆ ಹಸಿರು, ಅಲ್ಲಿಂದ ಮೇಲೆ ಬಿಳಿ; ಎರಡು ಬಣ್ಣಗಳೂ ಕೂಡುವ ಗೆರೆ, ಬಳಿದವನ ಕೈ ಎಲ್ಲಿ ದಣಿಯಿತು, ಎಲ್ಲಿ ಅವನು ಯಾರನ್ನೋ ಮಾತಾಡಿಸಲು ತಿರುಗಿದ ಎಂಬುದನ್ನು ಈಗಲೂ ಹೇಳುತ್ತಿತ್ತು. ಆಸ್ಪತ್ರೆಯ ಈ ಉದ್ದನೆಯ ಕಾರಿಡಾರಿನಲ್ಲಿ ಕಾಯುವವರೆಲ್ಲ ಒಂದೇ ಬಗೆಯಲ್ಲಿ, ಬೆಂಚಿನ ಅಂಚಿಗೆ, ಯಾವ ಗಳಿಗೆಯಲ್ಲಾದರೂ ಎಬ್ಬಿಸಿಯಾರು ಎಂಬಂತೆ ಕೂತಿದ್ದರೆ, ಅಕ್ಕ ಮಾತ್ರ ಸ್ವಂತ ಮನೆಯ ಜಗುಲಿಯಲ್ಲಿದ್ದಂತೆ ಬೆನ್ನು ಚೆಲ್ಲಿ ಕೂತಿದ್ದಳು. ಹಾದುಹೋಗುವವರೆಲ್ಲ ಅವಳನ್ನು ಮಾತಾಡಿಸುತ್ತಿದ್ದರು. ರೋಗಿಗಳ ಗಾಡಿ ತಳ್ಳುವವನು ನಿಂತು, ಏನು ಗ್ಯಾಸಕ್ಕ, ದೊಡ್ಡವರ ದರ್ಬಾರಿಗೆ ಬಂದಿರೋ ಹಾಗಿದೆ ಎಂದ. ಹೌದಪ್ಪ, ಪಟ್ಟ ಬಿಟ್ಟುಕೊಡೋಕೆ ಎಂದು ಅವಳು ನಕ್ಕಳು. ನಕ್ಕಾಗ ಒಸಡಿನಲ್ಲಿ ರಕ್ತ ಕಂಡಿತು. ಅವನು ಮತ್ತೆ ಗೋಡೆಗೆ ಮರಳಿದ.

ಪಟ್ಟ ಏರಬೇಕಾದವಳು ಕಿಟಕಿಯ ಹತ್ತಿರ ನಿಂತಿದ್ದಳು: ಅವನ ಮಗಳು. ಕೂತರೆ ಇಸ್ತ್ರಿ ಮುರಿಯುತ್ತದೆಂದು ಬಂದಾಗಿನಿಂದ ನಿಂತೇ ಇದ್ದಳು. ಓದು ಮುಗಿಸಿದ ಮೇಲಿನ ವರ್ಷಗಳನ್ನು ಅವಳು ಸಂದರ್ಶನಗಳ ನಡುವೆ ಕಳೆದಿದ್ದಳು. ಈಚೆಗೆ ಕನ್ನಡಿಯ ಮುಂದೆ ನಿಂತಾಗಲೂ ಅವಳ ಮುಖದಲ್ಲಿ ಆಯ್ಕೆಯಾಗದವರ ಒಂದು ವಿನಯ ಬಂದುಬಿಟ್ಟಿರುತ್ತಿತ್ತು. ಇವತ್ತು ಆ ವಿನಯವಿರಲಿಲ್ಲ. ಈ ಆಸ್ಪತ್ರೆಯಲ್ಲಿ ಒಂದು ಪದ್ಧತಿಯಿತ್ತು. ಕಾಯಿಲೆಯಿಂದಾಗಿ ಕೆಲಸ ಬಿಡುವವರು ತಕರಾರಿಲ್ಲದೆ ಬಿಟ್ಟರೆ, ಅವರ ಜಾಗ ಅವರ ಮನೆಯವರೊಬ್ಬರಿಗೆ ಸಿಗುತ್ತಿತ್ತು. ತಕರಾರೆಂದರೆ ಒಂದೇ: ಈ ಕಾಯಿಲೆ ಬಂದದ್ದೇ ಇಲ್ಲಿಯ ಕೆಲಸದಿಂದ ಎನ್ನುವುದು. ಹಾಗೆಂದವರ ವಿಷಯ ಮೇಲಿನವರಿಗೆ ಹೋಗಿ, ಅಲ್ಲಿ ವಿಚಾರಣೆ ನಡೆದು, ಅದು ಮುಗಿಯುವ ಹೊತ್ತಿಗೆ ಮನೆಯವರಿಗೂ ವಯಸ್ಸಾಗಿರುತ್ತಿತ್ತು. ಹಾಗೆನ್ನದವರನ್ನು ಒಳಗೆ ಕರೆದು, ಮೂವರು ವೈದ್ಯರು ಒಂದೆರಡು ಪ್ರಶ್ನೆ ಕೇಳಿ, ಹೂಗುಚ್ಛ ಕೊಟ್ಟು ಕಳಿಸುತ್ತಿದ್ದರು.

ಇದನ್ನು ದೊಡ್ಡ ಡಾಕ್ಟರು ನಿನ್ನೆ ಮಧ್ಯಾಹ್ನ ಅವನನ್ನು ಕರೆಸಿ ಹೇಳಿದ್ದರು. ಆಸ್ಪತ್ರೆಯೆಲ್ಲ ಅವರ ಕೈಯಲ್ಲಿತ್ತು. ಅವರ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಕಾಗದಗಳ ಕಟ್ಟು, ಇನ್ನೊಂದರ ಮೇಲೆ ಅವರ ಕೋಟು. ಕೂತ್ಕೊಳ್ಳಿ ಮೇಷ್ಟ್ರೇ ಎಂದರು, ಯಾವುದನ್ನೂ ಎತ್ತಲಿಲ್ಲ. ಪರರ ಕೋಟನ್ನು ಮುಟ್ಟುವುದು ಹೇಗೆಂದು ಅವನು ನಿಂತೇ ಇದ್ದ. ಅವರು ಅದನ್ನು ಗಮನಿಸಿದರು, ಗಮನಿಸಿದ್ದು ಅವನಿಗೂ ತಿಳಿಯಿತು, ಆದರೂ ಮಾತು ಹಾಗೆಯೇ ಮುಂದುವರಿಯಿತು. ನೀವು ಜೀವಶಾಸ್ತ್ರ ಹೇಳಿಕೊಡೋರು, ನಿಮಗೆ ನಾನು ಹೇಳಬೇಕೇ, ಇಂಥ ಕಾಯಿಲೆಗಳು ಮನೆತನದಲ್ಲೂ ಇರುತ್ತವೆ. ನಿಮ್ಮ ತಂದೆಯವರು ಹೇಗೆ ಹೋದರು? ವಯಸ್ಸಾಗಿತ್ತು, ಬಿದ್ದರು ಎಂದ. ಬಿದ್ದದ್ದು ಸರಿ, ಯಾಕೆ ಬಿದ್ದರು ಅಂತ ಆಗ ಯಾರಾದರೂ ನೋಡಿದ್ದರೇ ಎಂದು ಅವರು ಮೃದುವಾಗಿ ಕೇಳಿದರು. ಆ ಮೃದುತ್ವಕ್ಕೆ ಅವನ ತಲೆ ತಾನಾಗಿ ಅಲ್ಲಾಡಿತು. ಅದು ಹೌದೆಂದೋ ಇಲ್ಲವೆಂದೋ ಅವನಿಗೂ ಗೊತ್ತಾಗಲಿಲ್ಲ. ಹೊರಗೆ ಬಂದ ಮೇಲೆ, ನಿಂತುಕೊಂಡೇ ಇದ್ದುದರಿಂದ ಕಾಲು ನೋಯುತ್ತಿರುವುದು ಗೊತ್ತಾಯಿತು.

ಅಪ್ಪ ಸ್ನಾನದ ಮನೆಯಲ್ಲಿ ಜಾರಿ ಬಿದ್ದಿದ್ದ. ಹಣೆ ಒಡೆದು ಬಿಳಿಯ ಹಾಸುಬಿಲ್ಲೆಗಳ ಮೇಲೆ ಹರಿದಿದ್ದ ರಕ್ತವನ್ನು ಅಕ್ಕ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಅದ್ದಿ ಒರೆಸಿದ್ದಳು. ಎಂಥ ಗಟ್ಟಿ ಕೆಂಪು ಅದು. ಬಾಗಿಲಲ್ಲಿ ನಿಂತು, ಅಳುವ ಬದಲು, ಎಷ್ಟು ಬೇಗ ಹೆಪ್ಪುಗಟ್ಟುತ್ತಿದೆ, ಈ ವಯಸ್ಸಿಗೂ ಎಂಥ ಆರೋಗ್ಯದ ರಕ್ತ ಎಂದು ತನ್ನೊಳಗಿನ ಪಾಠದ ಮೇಷ್ಟ್ರು ಮೆಚ್ಚಿಕೊಂಡದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಅಕ್ಕನ ಕೆಲಸದ ಕೋಣೆಯನ್ನು ಅವನು ಒಮ್ಮೆ ನೋಡಿದ್ದ. ಶಸ್ತ್ರಚಿಕಿತ್ಸೆಯ ಸಾಮಾನುಗಳಲ್ಲಿ ಬಿಸಿ ತಡೆಯುವವೆಲ್ಲ ಆವಿಯ ಯಂತ್ರಕ್ಕೆ ಹೋಗುತ್ತಿದ್ದವು; ತಡೆಯದವು, ಪ್ಲಾಸ್ಟಿಕ್ಕಿನ ನಳಿಗೆಗಳು, ಸೂಕ್ಷ್ಮ ಮಸೂರಗಳು, ಅಕ್ಕನ ಕೋಣೆಯ ಉಕ್ಕಿನ ಪೆಟ್ಟಿಗೆಗೆ ಬರುತ್ತಿದ್ದವು. ಪೆಟ್ಟಿಗೆಯೊಳಗೆ ಅನಿಲ ಬಿಡುತ್ತಿದ್ದರು. ಬದುಕಿದ್ದುದನ್ನೆಲ್ಲ ಕೊಲ್ಲುವ ಅನಿಲ. ಆಮೇಲೆ ಯಂತ್ರ ಅದನ್ನೆಲ್ಲ ಹೀರಿ ಹೊರಹಾಕುವವರೆಗೆ ಬಾಗಿಲು ತೆರೆಯಬಾರದು. ಆದರೆ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಫೋನು ಬರುತ್ತಿತ್ತು, ಮೇಜಿನ ಮೇಲೆ ರೋಗಿ ಇದ್ದಾನೆ, ಸಾಮಾನು ಎಲ್ಲಿ ಎಂದು. ಆಗ ಅಕ್ಕ ಎದೆ ತುಂಬ ಗಾಳಿ ಎಳೆದು, ಉಸಿರು ಹಿಡಿದು, ಬಾಗಿಲು ತೆಗೆದು, ಒಂದು ರಟ್ಟಿನಿಂದ ಬೀಸಿ, ತಟ್ಟೆಯನ್ನು ಎಳೆದುಕೊಂಡು ಹೊರಗೋಡಿ ಬಂದು ಉಸಿರು ಬಿಡುತ್ತಿದ್ದಳು. ಅಲ್ಲಿಯ ಹೆಂಗಸರು ಇದರಲ್ಲಿ ಪಂದ್ಯ ಕಟ್ಟುತ್ತಿದ್ದರು. ಅಕ್ಕನಷ್ಟು ಹೊತ್ತು ಉಸಿರು ಹಿಡಿಯುವವರು ಇನ್ನೊಬ್ಬರಿರಲಿಲ್ಲ. ಹೊಸಬರಿಗೆ ಅವಳೇ ಗುರು. ಸಿಹಿ ವಾಸನೆ ಬಂದರೆ ಮಾತ್ರ ಅನಿಲವಿದೆ ಎಂದು ಲೆಕ್ಕ, ಬರದಿದ್ದರೆ ಇಲ್ಲ. ಈ ಎರಡನ್ನೂ ಅವಳು ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದಳು. ಆ ಅನಿಲ ಮೂಗಿಗೆ ತಿಳಿಯುವ ಹೊತ್ತಿಗೆ ಇರಬೇಕಾದ ಮಿತಿಯನ್ನು ಎಷ್ಟೋ ಪಾಲು ಮೀರಿರುತ್ತದೆ, ಉಸಿರು ಹಿಡಿದು ಹೊರಗೆ ಬಂದವಳ ಜೊತೆ ಅದೂ ಬಾಗಿಲು ದಾಟಿ ಬಂದಿರುತ್ತದೆ ಎಂದು ಅವನು ಓದಿ ತಿಳಿದು ಹೇಳಿದ್ದ. ಶುರುವಾಯ್ತು ಪಾಠ ಎಂದು ಮಗಳು ತಟ್ಟೆ ಎತ್ತಿಕೊಂಡು ಎದ್ದಿದ್ದಳು. ಅಕ್ಕ, ಅವಳ ತಟ್ಟೆಗೆ ಇನ್ನಷ್ಟು ಬಡಿಸುತ್ತ, ಸತ್ತುಹೋಗೋ ಹಾಗಿದ್ರೆ ಇಷ್ಟು ಹೊತ್ತಿಗೆ ನಾನು ಸತ್ತು ಹುಟ್ಟಿರಬೇಕಿತ್ತು ಕಣೋ ಎಂದಿದ್ದಳು. ಅವನೂ ನಕ್ಕಿದ್ದ. ಮನೆಯಲ್ಲಿ ಯಾರೂ ಕೇಳದ ಮಾತನ್ನು ಒಂದೇ ಸಲ ಹೇಳಿ, ಹೇಳಿದೆನೆಂಬ ಸಮಾಧಾನವನ್ನು ವರ್ಷಗಟ್ಟಲೆ ಉಳಿಸಿಕೊಂಡು ಬರುವುದು ಅವನಿಗೆ ಬಲು ಸುಲಭವಾಗಿ ಕೂಡಿಬಂದ ವಿದ್ಯೆ.

ತರಗತಿಯಲ್ಲಾದರೆ ಅವನು ಇಂಥ ವಿಷ ಮೈಯೊಳಗೆ ಮಾಡುವುದನ್ನು ಎಷ್ಟು ಚೆನ್ನಾಗಿ ಹೇಳುತ್ತಿದ್ದ. ಅಪ್ಪನ ಬೀಗ-ಕೀಲಿಯ ಅಂಗಡಿಯನ್ನೇ ಕರಿಹಲಗೆಗೆ ತರುತ್ತಿದ್ದ. ಜೀವಕೋಶ ಒಡೆದು ಎರಡಾಗುವಾಗಲೆಲ್ಲ ಒಳಗಿನ ಕೀಲಿಗೆ ನಕಲು ಕೀಲಿ ಕೊರೆಯಬೇಕು. ನಮ್ಮಪ್ಪ ನಕಲು ಮಾಡೋ ಮೊದಲು ಮೂಲ ಕೀಲಿಯ ಒಂದೊಂದು ಹಲ್ಲನ್ನೂ ಬ್ರಷ್ಷಿನಿಂದ ಉಜ್ಜುತ್ತಿದ್ದರು, ಯಾಕೆ? ಹಲ್ಲಿನ ಸಂದಿಯಲ್ಲಿ ಒಂದು ಚೂರು ಅರಗು ಕೂತಿದ್ದರೆ ಯಂತ್ರಕ್ಕೆ ಅದು ಅರಗು ಅಂತ ತಿಳಿಯೋದಿಲ್ಲ, ಅದನ್ನೂ ಹಲ್ಲು ಅಂತಲೇ ಕೊರೆಯುತ್ತದೆ. ಬಿಸಿಲಿನ ಅತಿನೇರಳೆ ಕಿರಣ, ಹೊಗೆ, ಕೆಲವು ರಾಸಾಯನಿಕಗಳು ಮಾಡೋದು ಇಷ್ಟೇ. ಕೆಲವು ಹಲ್ಲು ಮುರಿಯುತ್ತವೆ, ಕೆಲವು ಹಲ್ಲಿಗೆ ಹಲ್ಲು ಬೆಸೆಯುತ್ತವೆ, ಕೆಲವು ಬರೀ ಅಂಟಿಕೊಳ್ಳುತ್ತವೆ. ಬಹಳ ಸಲ ದೇಹವೇ ಉಜ್ಜಿ ಸರಿಮಾಡುತ್ತದೆ. ಉಜ್ಜುವುದು ತಪ್ಪಿದ ಒಂದು ದಿನ ಆ ತಪ್ಪಿನ ನಕಲು, ನಕಲಿನ ನಕಲು, ಕೊನೆಗೆ ಯಾವ ಬಾಗಿಲಿಗೂ ಹತ್ತದ ಕೀಲಿಗಳ ಗೊಂಚಲು. ಆದರೆ ಒಂದು ನೆನಪಿಡಿ: ಚರ್ಮದಲ್ಲೋ ರಕ್ತ ಹುಟ್ಟುವ ಮೂಳೆಮಜ್ಜೆಯಲ್ಲೋ ಆದ ತಪ್ಪು ಆ ಮನುಷ್ಯನ ಜೊತೆಗೇ ಮುಗಿಯುತ್ತದೆ, ವೀರ್ಯಾಣು ಅಂಡಾಣುಗಳಲ್ಲಿ ಆದದ್ದು ಮಾತ್ರ ಮಕ್ಕಳಿಗೆ ಹೋಗುತ್ತದೆ. ಹಿಂದಿನ ಬೆಂಚಿನಿಂದ ಪ್ರತಿವರ್ಷ ಒಬ್ಬ ಎದ್ದು ಕೇಳುತ್ತಿದ್ದ, ಸಾರ್, ಹಾಗಾದ್ರೆ ನಾನು ಫೇಲಾದ್ರೆ ಅದು ನಮ್ಮಪ್ಪನ ತಪ್ಪೋ ನಂದೋ. ತರಗತಿಯೆಲ್ಲ ನಗುತ್ತಿತ್ತು. ಪ್ರತಿವರ್ಷವೂ ಅವನು ಆ ನಗುವಿಗಾಗಿ ಒಂದು ಕ್ಷಣ ಬಿಡುವು ಕೊಡುತ್ತಿದ್ದ.

ನಿನ್ನೆ ಸಂಜೆ, ಮಗಳು ಇವತ್ತಿನ ಬಟ್ಟೆಯನ್ನು ಇಸ್ತ್ರಿಗೆ ಕೊಡಲು ಹೋದಾಗ, ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚಬೇಕೆಂದು ಚಾಕು ಹಿಡಿದಿದ್ದಳು. ಈಗ ಸಣ್ಣ ಗಾಯವಾದರೂ ರಕ್ತ ನಿಲ್ಲುವುದಿಲ್ಲವೆಂದು ಅವನು ಚಾಕು ಕಿತ್ತುಕೊಂಡ. ರಕ್ತದ ಕ್ಯಾನ್ಸರ್ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ರಕ್ತದ್ದು ಎನ್ನುತ್ತಿದ್ದರು, ಯಾರದೋ ಸಾಮಾನನ್ನು ಕುರಿತಂತೆ.

"ಅಪ್ಪಂಗೂ ಇದೇ ಇತ್ತು ಅಂದ್ಬಿಡೋಣ" ಎಂದಳು ಅಕ್ಕ.

"ಅಪ್ಪಂಗೆ ಏನೂ ಇರಲಿಲ್ಲ."

"ಅದು ನಂಗೊತ್ತು, ನಿಂಗೊತ್ತು. ಅಪ್ಪ ಬಂದು ಜಗಳ ಆಡ್ತಾನಾ?"

ಅವನು ಹೆಚ್ಚುತ್ತಲೇ, ಆ ಕೋಣೆಗೆ ನನ್ನ ಮಗಳನ್ನು ಕಳಿಸಲಾರೆ ಎಂದ. ನನ್ನ ಮಗಳು ಎಂದದ್ದು ತಪ್ಪಾಯಿತು. ತಾಯಿ ಸತ್ತಾಗ ನಡೆಯಲೂ ಬಾರದ ಆ ಮಗುವನ್ನು ಎತ್ತಿಕೊಂಡವಳು ಅಕ್ಕ. ತನ್ನ ಮದುವೆಯ ಮಾತನ್ನು ಯಾವಾಗ ಕೈಬಿಟ್ಟಳೆಂದು ಯಾರಿಗೂ ತಿಳಿಯದ ಹಾಗೆ ಕೈಬಿಟ್ಟವಳು. ಅವಳು ಸ್ಟೂಲನ್ನು ಅವನಿಂದ ಆಚೆಗೆ ತಿರುಗಿಸಿ ಕೂತಳು. ಆಮೇಲೆ, ಹೊಸ ಯಂತ್ರ ಬರುತ್ತಂತೆ, ಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುತ್ತಂತೆ ಎಂದಳು. ಆ ಹೊಸ ಯಂತ್ರ ಬರುತ್ತಲೇ ಇರುವುದನ್ನು ಅವನು ಎಷ್ಟೋ ವರ್ಷದಿಂದ ಕೇಳಿದ್ದ. "ಅವಳು ಮನೇಲಿ ಕೂತು ಒಣಗ್ತಿದಾಳೆ ಕಣೋ. ನಿನ್ನ ಕಣ್ಣಿಗೆ ಅದು ಬೀಳಲ್ಲ. ನಾನು ಹೋಗೋದು ಹೆಂಗೂ ಹೋಗ್ತೀನಿ, ಬರೀ ಕೈಯಲ್ಲಿ ಕಳಿಸ್ಬೇಡ." ಹೆಚ್ಚಿದ ಹೋಳುಗಳು ಒಂದೇ ಅಳತೆಗೆ ಬಂದಿದ್ದವು. ಅದೊಂದು ಸಾಧನೆಯೆಂಬಂತೆ ಅವನ್ನೇ ನೋಡುತ್ತಿದ್ದ. ತಾನು ಒಪ್ಪಿದೆನೆಂದು ಅವಳು ತಿಳಿದುಕೊಳ್ಳಲಿ ಎಂದು ಬಿಟ್ಟದ್ದೇ ತನ್ನ ಒಪ್ಪಿಗೆ ಎಂದು ಈಗ, ಬಾಗಿಲು ತೆರೆದು ಯಾರೋ ಗ್ಯಾಸಕ್ಕ, ಬನ್ನಿ, ತಮ್ಮನೂ ಬರಲಿ ಎಂದು ಕರೆದಾಗ, ಹೊಳೆಯಿತು.

ಒಳಗೆ ಉದ್ದ ಮೇಜಿನ ಆಚೆ ಮೂವರಿದ್ದರು. ನಡುವೆ ದೊಡ್ಡ ಡಾಕ್ಟರು. ಒಂದು ಪಕ್ಕದಲ್ಲಿ ಕಾಫಿಯ ಲೋಟದಲ್ಲಿ ಚಮಚ ತಿರುಗಿಸುತ್ತಲೇ ಇದ್ದ, ನಿವೃತ್ತಿಗೆ ಬಂದ ವೈದ್ಯರು. ಇನ್ನೊಂದು ಪಕ್ಕದಲ್ಲಿ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದ ಕಿರಿಯ ಡಾಕ್ಟರಮ್ಮ. ಇವತ್ತು ಅವನಿಗೆ ಕುರ್ಚಿಯಿತ್ತು. ಆ ಸಣ್ಣ ವಿಷಯಕ್ಕೆ ತನ್ನೊಳಗೆ ಎದ್ದ ಕೃತಜ್ಞತೆಯನ್ನು ಕಂಡು ಅವನಿಗೆ ಹೇಸಿಗೆಯಾಯಿತು. ಅಕ್ಕನನ್ನು ದೊಡ್ಡ ಡಾಕ್ಟರು ಬಹಳ ಮರ್ಯಾದೆಯಿಂದ ಮಾತಾಡಿಸಿದರು. ನೀವಿಲ್ಲದ ಆ ಕೋಣೆಯನ್ನು ಊಹಿಸೋಕೇ ಆಗಲ್ಲ ಎಂದರು. ಆಮೇಲೆ, ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಎಂದು ನಿಲ್ಲಿಸಿದರು. ನಮ್ಮಪ್ಪಂಗಿತ್ತು ಎಂದಳು ಅಕ್ಕ. ಅಷ್ಟು ನಿರಾಳವಾಗಿ ಹೇಳಿದಳೆಂದರೆ, ಒಂದು ಕ್ಷಣ ಅವನಿಗೇ ಅಪ್ಪ ಬಿಳಿಚಿಕೊಂಡು ಹಾಸಿಗೆಯಲ್ಲಿ ಮಲಗಿದ್ದಂತೆ ಕಂಡಿತು. ದೊಡ್ಡ ಡಾಕ್ಟರು ಅವನತ್ತ ತಿರುಗಿ, ಮೇಷ್ಟ್ರು ಈ ವಿಷಯ ಬಲ್ಲವರು, ಅವರೇ ಹೇಳಬಹುದು ಎಂದರು.

ಹೌದು ಎಂಬೊಂದು ಮಾತು ಸಾಕಿತ್ತು. ಆದರೆ ಎದುರಿಗೆ ಕೇಳುವ ಮುಖಗಳಿದ್ದವು. ಕಿರಿಯ ಡಾಕ್ಟರಮ್ಮ ಪೆನ್ನು ಎತ್ತಿದ್ದಳು. ಅವನು ಶುರುಮಾಡಿದ. ವಂಶವಾಹಿಯಲ್ಲಿ ಒಂದು ದೋಷ ತಲೆಮಾರಿನಿಂದ ತಲೆಮಾರಿಗೆ ಸದ್ದಿಲ್ಲದೆ ಬರಬಹುದು ಎಂದ. ಒಬ್ಬರಲ್ಲಿ ಪ್ರಕಟವಾಗದೆ ಇನ್ನೊಬ್ಬರಲ್ಲಿ ಪ್ರಕಟವಾಗಬಹುದು ಎಂದ. ರಕ್ತದ ಕೆಲವು ಕಾಯಿಲೆಗಳು ಕೆಲವು ಮನೆಗಳಲ್ಲಿ ಮರುಕಳಿಸುವುದುಂಟು ಎಂದ. ಹೇಳಿದ ಒಂದೊಂದು ವಾಕ್ಯವೂ ಪಠ್ಯಪುಸ್ತಕದ ಸತ್ಯ, ಒಟ್ಟಾದದ್ದು ಮಾತ್ರ ಸುಳ್ಳು. ಕೀಲಿಯ ಹೋಲಿಕೆಯನ್ನೂ ತಂದ. ಅರಗಿನ ಚೂರನ್ನು ಮಾತ್ರ ತರಲಿಲ್ಲ. ಮೂಲ ಕೀಲಿಯನ್ನೇ ಮೊದಲ ಕೆಲಸಗಾರ ತಪ್ಪಾಗಿ ಕೊರೆದಿದ್ದರೆ ಆಮೇಲಿನವರು ಎಷ್ಟು ಉಜ್ಜಿದರೂ ಏನು ಬಂತು ಎಂದಾಗ, ಗೇಣು ಉದ್ದದ ಅರ ಹಿಡಿದು ಬೆಳಕಿನತ್ತ ಕೀಲಿಯೆತ್ತಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ ಅಪ್ಪ, ಆ ಕೋಣೆಯ ಮೂಲೆಯಲ್ಲೆಲ್ಲೋ ತಲೆ ತಗ್ಗಿಸಿದ ಹಾಗಾಯಿತು. ಚಮಚದ ಸದ್ದು ನಿಂತಿತ್ತು. ಎಷ್ಟು ಸೊಗಸಾಗಿ ಹೇಳಿದಿರಿ ಎಂದರು ವಯಸ್ಸಾದ ವೈದ್ಯರು. ಅವನಿಗೆ ಖುಷಿಯಾಯಿತು. ಅದೇ ಅವನು ಮುಂದೆಂದೂ ತನ್ನಿಂದ ಮುಚ್ಚಿಡಲಾರದ ಸಂಗತಿ: ಖುಷಿಯಾಯಿತು.

ಕಿರಿಯ ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ಇವರ ಜಾಗಕ್ಕೆ ಬರ್ತಿರೋದು ನಿಮ್ಮ ಮಗಳಲ್ವಾ?"

"ಹೌದು."

"ಹಾಗಿದ್ರೆ ಹೇಗೆ ಸಾರ್? ಮನೆತನದಲ್ಲೇ ಇಂಥ ದೋಷ ಇರೋ ಹುಡುಗೀನ ಆ ಗ್ಯಾಸ್ ಹತ್ರ ಕೂರಿಸೋದಾ? ನೀವೇ ಹೇಳಿ, ನೀವು ಓದಿದೋರು."

ಅವಳ ದನಿಯಲ್ಲಿ ಯಾವ ಕೊಂಕೂ ಇರಲಿಲ್ಲ, ನಿಜವಾದ ಕಳವಳವಿತ್ತು. ದೊಡ್ಡ ಡಾಕ್ಟರು ಅವಳನ್ನೊಮ್ಮೆ ನೋಡಿದರು. ಮೇಜಿನ ಮೇಲಿನ ಗಾಜಿನ ಗುಂಡನ್ನು ಅತ್ತಿತ್ತ ಸರಿಸಿ, ಅದೂ ಸರಿಯೇ, ನಾಳೆ ಏನಾದರೂ ಆದರೆ ನಮ್ಮ ಮೇಲೇ ಬರುತ್ತೆ ಎಂದರು. ಬೇರೆ ಕಡೆ ಜಾಗ ಇದೆಯೇ ಎಂದು ವಯಸ್ಸಾದವರು ಕೇಳಿದ್ದಕ್ಕೆ, ದೊಡ್ಡ ಡಾಕ್ಟರು ಸದ್ಯ ಇಲ್ಲ ಎಂದರು. ಆ ಕೋಣೆಗೆ ಈಗಾಗಲೇ ಅಕ್ಕನ ಕೈಕೆಳಗೆ ಕಲಿತ ಹುಡುಗಿಯೊಬ್ಬಳಿದ್ದಾಳೆ, ಅವಳೇ ನೋಡಿಕೊಳ್ಳಲಿ ಎಂದೂ ಸೇರಿಸಿದರು. ಹಾಗೆಯೇ ಮಗಳ ರಕ್ತವನ್ನೂ ಇವತ್ತೇ ಒಮ್ಮೆ ಪರೀಕ್ಷೆಗೆ ಕೊಡಿ, ಕೆಳಗಿನ ಕಿಟಕಿಯಲ್ಲಿ, ನಾನು ಹೇಳಿರ್ತೀನಿ ಎಂದಳು ಕಿರಿಯ ಡಾಕ್ಟರಮ್ಮ. ಅಕ್ಕ ಬಾಯಿ ತೆರೆದಳು. ಅವಳು ಹೇಳಬಹುದಾದದ್ದು ಒಂದೇ ಇತ್ತು: ಅಪ್ಪನಿಗೆ ಏನೂ ಇರಲಿಲ್ಲ ಎಂಬುದು. ಅವಳು ಬಾಯಿ ಮುಚ್ಚಿದಳು. ಹೂಗುಚ್ಛವನ್ನು ಅವಳ ಮಡಿಲಲ್ಲಿಟ್ಟರು.

ಹೊರಗೆ ಬಂದು ಬಾಗಿಲು ಮುಚ್ಚಿದ ಮೇಲೆ ಅಕ್ಕ ಗೋಡೆಗೆ ಕೈಯೂರಿ ನಿಂತಳು. ಮಗಳು ಕಿಟಕಿಯಿಂದ ಇನ್ನೂ ಇತ್ತ ತಿರುಗಿರಲಿಲ್ಲ.

"ನಿಂಗೆ ಗೊತ್ತಿತ್ತು" ಎಂದಳು ಅಕ್ಕ, ತಗ್ಗಿದ ದನಿಯಲ್ಲಿ. "ಅಷ್ಟು ಉದ್ದಕ್ಕೆ ಎಳೆದಿದ್ದು ಅದಕ್ಕೇ. ಅವಳಿಗೆ ಸಿಗಬಾರದು ಅಂತ."

ಗೊತ್ತಿತ್ತೆನ್ನುವುದಾದರೆ ತಾನು ಮಗಳನ್ನು ಉಳಿಸಿದ ಜಾಣ. ಗೊತ್ತಿರಲಿಲ್ಲವೆನ್ನುವುದಾದರೆ ನಾಲ್ಕು ಜನ ಕೇಳುತ್ತಾರೆಂದು ಅಪ್ಪನ ರಕ್ತವನ್ನು ಮೇಜಿನ ಮೇಲೆ ಚೆಲ್ಲಿದ ಬಾಯಿಬಡುಕ. ಮೊದಲನೆಯದನ್ನು ನಂಬಬೇಕೆಂದು ಮನಸ್ಸು ಎಷ್ಟು ಚುರುಕಾಗಿ ಸಾಕ್ಷಿಗಳನ್ನು ಒದಗಿಸುತ್ತಿತ್ತೆಂದರೆ, ಅದಕ್ಕಾಗಿಯೇ ಅವನು ಅದನ್ನು ನಂಬಲಾರದಾದ. ಮಗಳು ಉಳಿದಳು, ಅಷ್ಟಾದರೂ ನಿಜ, ಎಂದುಕೊಂಡ. ತಕ್ಷಣ, ಆ ಕೋಣೆಯಲ್ಲಿ ಇನ್ನೊಬ್ಬರ ಮಗಳು ಈ ಹೊತ್ತಿನಲ್ಲಿ ಎದೆ ತುಂಬ ಗಾಳಿ ಎಳೆದುಕೊಳ್ಳುತ್ತಿರಬಹುದು ಎನ್ನಿಸಿತು. ಅಕ್ಕನಿಂದ ಕಲಿತ ಹಾಗೆಯೇ.

ಮಗಳು ಬಂದಳು. ಅವರ ಮುಖ ನೋಡಿಯೇ ಅರ್ಧ ತಿಳಿದಿತ್ತು. ಉಳಿದರ್ಧವನ್ನು ಅಕ್ಕ ಹೇಳಿದಳು, ಅತ್ತೆಯೊಬ್ಬಳು ಹೇಳಬಹುದಾದಷ್ಟು ಮೆತ್ತಗೆ. ಮನೆತನದ ದೋಷ, ತಾತನ ರಕ್ತ, ಡಾಕ್ಟರಮ್ಮನ ಕಳವಳ. ಹೇಳುವಾಗ ಅವಳ ಕಣ್ಣು ಅವನ ಮೇಲೆಯೇ ಇತ್ತು. ಮಗಳು ಕೆಲಸ ಹೋಯಿತೆಂದು ಅಳುತ್ತಾಳೆ, ಇಲ್ಲವೇ ಎಂದಿನಂತೆ ಚುಚ್ಚಿ ಮಾತಾಡುತ್ತಾಳೆ ಎಂದು ಅವನು ಕಾದ. ಅವಳು ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡಳು, ಮೊದಲ ಬಾರಿಗೆ ಅವು ಯಾರವೆಂದು ವಿಚಾರಿಸುವವಳಂತೆ.

"ಅಂದ್ರೆ ನನ್ನೊಳಗೂ ಇದೆ."

"ಇಲ್ಲ" ಎಂದ ಅವನು. "ನಿನ್ನೊಳಗೆ ಏನೂ ಇಲ್ಲ. ತಾತನಿಗೂ ಇರಲಿಲ್ಲ. ಅತ್ತೆಗೆ ಬಂದಿದ್ದು ಆ ಗ್ಯಾಸಿಂದ. ಅದು ಮಕ್ಕಳಿಗೆ ಹೋಗೋ ಅಂಥದ್ದಲ್ಲ, ಅವಳಲ್ಲೇ ಶುರುವಾಗಿದ್ದು. ನಿಂಗೆ ಕೆಲಸ ಸಿಗಲಿ ಅಂತ ಸುಳ್ಳು ಹೇಳಿದ್ವಿ."

ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಹೂಗುಚ್ಛದ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆಯುತ್ತಿದ್ದಳು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಳ್ಳೆಂದರೆ ಕೆಲಸ ಹೋದದ್ದೂ ಅವಳದೇ ಕೈಯಿಂದ ಎಂದಾಗುತ್ತಿತ್ತು. ಅದನ್ನು ಈ ಮಗುವಿನ ಎದುರು ಒಪ್ಪಿಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಒಳಗಡೆ ನೀನು ಎಷ್ಟು ಚೆನ್ನಾಗಿ ವಿವರಿಸ್ತಿದ್ದೆ ಅಪ್ಪ, ಇಲ್ಲಿವರೆಗೂ ಕೇಳ್ತಿತ್ತು" ಎಂದಳು ಮಗಳು. "ಅವರಿಗೆ ಹೇಳಿದ್ದು ಸುಳ್ಳೋ, ಈಗ ನಂಗೆ ಹೇಳ್ತಿರೋದು ಸುಳ್ಳೋ?"

"ನಿಂಗೆ ಹೇಳ್ತಿರೋದು ನಿಜ."

"ಸರಿ, ಒಳಗೆ ಹೋಗಿ ಅದನ್ನೇ ಹೇಳಿ ಬಾ."

ಬಾಗಿಲು ಎರಡು ಹೆಜ್ಜೆಯ ದೂರದಲ್ಲಿತ್ತು. ಅದರ ಹಿತ್ತಾಳೆಯ ಹಿಡಿಕೆ ಸವೆದು ಒಂದು ಕಡೆ ಹೊಳೆಯುತ್ತಿತ್ತು. ಒಳಗಿನಿಂದ ಮೂವರ ನಗು ಕೇಳಿಸಿತು, ಬೇರೆ ಯಾವುದೋ ವಿಷಯಕ್ಕೆ. ಈಗ ಹೋಗಿ ಹೇಳಿದರೆ ಅಕ್ಕ ಸುಳ್ಳಿಯಾಗುತ್ತಾಳೆ ಎಂದುಕೊಂಡ. ಅವಳಿಗೆ ಉಳಿದಿರುವ ದಿನಗಳಲ್ಲಿ ವಿಚಾರಣೆ, ಓಡಾಟ, ಅವಮಾನ ಎಂದುಕೊಂಡ. ಒಂದೊಂದು ಕಾರಣವೂ ಸರಿಯಾಗಿತ್ತು. ಅವನು ಕಾರಣಗಳನ್ನು ಜೋಡಿಸುತ್ತ ನಿಂತಿರುವುದನ್ನು ಮಗಳು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, ಅವನ ಮೇಲೆ ಕೋಪವೂ ಇಲ್ಲದವಳ ಹಾಗೆ, ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ಮೆಟ್ಟಿಲಿಳಿದು ಹೋದಳು.

ಅವನೂ ಹಿಂದೆ ಇಳಿದ. ರಕ್ತ ತೆಗೆದುಕೊಳ್ಳುವ ಕಿಟಕಿಯ ಮುಂದೆ ಹೆಚ್ಚು ಜನರಿರಲಿಲ್ಲ. ಆ ರಕ್ತದಲ್ಲಿ ಏನೂ ಸಿಗುವುದಿಲ್ಲವೆಂದು ಇಡೀ ಕಟ್ಟಡದಲ್ಲಿ ಖಚಿತವಾಗಿ ಬಲ್ಲವನು ತಾನೊಬ್ಬ. ಏನೂ ಸಿಗದಿದ್ದರೆ, ಸದ್ದಿಲ್ಲದೆ ಬರುತ್ತದೆ ಎಂದು ತಾನೇ ಹೇಳಿದ ಮಾತು ಅವಳಿಗೆ ನೆನಪಾಗುತ್ತದೆ ಎಂಬುದನ್ನು ಬಲ್ಲವನೂ ತಾನೊಬ್ಬ. ಅವಳ ಸರದಿ ಬಂತು. ಇಸ್ತ್ರಿಯ ತೋಳನ್ನು ಮಡಿಚಿ ಅವಳು ಕೈ ಚಾಚಿದಳು. ಕಿಟಕಿಯೊಳಗಿನ ಹೆಂಗಸು ತಲೆಯೆತ್ತದೆಯೇ, ಮನೇಲಿ ಯಾರಿಗಾದ್ರೂ ಇತ್ತಾ ಎಂದು ಕೇಳಿದಳು.

ಅವಳು ಹಿಂತಿರುಗಿ ಅಪ್ಪನನ್ನು ಒಮ್ಮೆ ನೋಡಿದಳು. ಅವನ ಕಣ್ಣು ಪಕ್ಕದ ಗೋಡೆಗೆ ಹೋಯಿತು.

"ನಮ್ಮ ತಾತಂಗಿತ್ತು" ಎಂದಳು ಮಗಳು.